ಜೀವ ಬಿಡ್ತಿದ್ದ ಬ್ಯಾಂಡ್ ಈಗ ಯಾಕೆ ಸಪ್ಪೆ? ಮೆಟಾಲಿಕಾ, ಮಿದುಳು ಮತ್ತು ನಾವು

ಎಂದಿನ ಹಾಗೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ಮನೆಯಿಂದಲೇ ಮಾತಾಡ್ತಿದ್ದೇವೆ. ಸದ್ದು ಬರಬಾರದು ಅಂತ ಎಸಿ ಆಫ್ ಮಾಡಿದ್ದೇವೆ. ಸಂಚಿಕೆ ಮುಗಿಯುವಷ್ಟರಲ್ಲಿ ಬೆವರಿ ತೊಪ್ಪೆಯಾಗಿರ್ತೇವೆ, ಅದು ಬೇರೆ ಮಾತು.

ಹೊಸದಾಗಿ ಕೇಳ್ತಿರೋರಿಗೆ ಒಂದು ಮಾತು. ನಮ್ಮ ಈ ಜಾಗಕ್ಕೆ ಇಲ್ಲಿನವರು ಡಿಐಪಿ ಅಂತಾರೆ. 1997ರಲ್ಲಿ ಶುರುವಾಗಿದ್ದು, ಸುಮಾರು 2,300 ಹೆಕ್ಟೇರ್ ವಿಸ್ತಾರ. ಗೋದಾಮು, ಕಾರ್ಖಾನೆ, ಕಾರ್ಮಿಕರ ವಸತಿ, ಅಪಾರ್ಟ್‌ಮೆಂಟು, ಶಾಲೆ ಎಲ್ಲ ಒಟ್ಟೊಟ್ಟಿಗೇ ಇವೆ. 2021ರ ಜೂನ್‌ನಿಂದ ಮೆಟ್ರೊ ಕೂಡ ಬರುತ್ತೆ. ಉದ್ಯಾನ ಅಂದುಕೊಂಡು ಬಂದರೆ ಮೊದಲು ಕಾಣೋದು ಲಾರಿಗಳು.

ಇವತ್ತಿನ ಪ್ರಶ್ನೆ ಇದು. ಹದಿನೆಂಟರಲ್ಲಿ ಜೀವಕ್ಕಿಂತ ಹೆಚ್ಚು ಅನ್ನಿಸಿದ್ದ ಬ್ಯಾಂಡ್ ನಲವತ್ತೈದಕ್ಕೆ ಯಾಕೆ ಸಪ್ಪೆ ಅನ್ನಿಸುತ್ತೆ? ಬ್ಯಾಂಡ್ ಕೆಟ್ಟಿತಾ, ನಾವು ಕೆಟ್ಟೆವಾ, ಅಥವಾ ಕಿವಿ ಕೆಟ್ಟಿತಾ? ಮೆಟಲ್ ಅಂದ್ರೆ ಆಗಲ್ಲ ಅನ್ನೋರೂ ಸ್ವಲ್ಪ ತಾಳಿ. ಈ ಮಾತು ಹಂಸಲೇಖ ಅವರ ಹಾಡಿಗೂ ಸಲ್ಲುತ್ತೆ, ಯಕ್ಷಗಾನದ ಮೇಳಕ್ಕೂ ಸಲ್ಲುತ್ತೆ.

ಎರಡು ಘಟನೆ

ನಾವಿಬ್ಬರೂ 1998ರಲ್ಲಿ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದ್ತಿದ್ದೋರು. ಹಾಸ್ಟೆಲ್‌ನಲ್ಲಿ ಸೀನಿಯರ್ ಒಬ್ಬರ ಹತ್ತಿರ ಮೆಟಾಲಿಕಾದ ಎರಡು ಕ್ಯಾಸೆಟ್ ಇದ್ದವು. ಅವನ್ನು ಖಾಲಿ ಕ್ಯಾಸೆಟ್‌ಗೆ ಕಾಪಿ ಮಾಡಿಕೊಂಡು, ಟೇಪು ಸಿಕ್ಕಿಕೊಂಡಾಗೆಲ್ಲ ಪೆನ್ಸಿಲ್ ತೂರಿಸಿ ಸುತ್ತಿ, ನಾಲ್ಕು ವರ್ಷ ಕೇಳಿದ್ದೇವೆ. ಮೆಸ್ಸಿನ ಟೇಬಲ್ ಮೇಲೆ ಬೆರಳಲ್ಲೇ ಡ್ರಮ್ಸ್ ಬಾರಿಸ್ತಿದ್ವಿ. ನಮ್ಮ ವಾರ್ಡನ್ನು "ಏನ್ರೋ ಅದು, ಗಿರಣಿ ಓಡಿಸ್ದಂಗೆ" ಅಂತಿದ್ರು. ಗಿರಣಿಗಳ ಊರಲ್ಲಿ ಅದಕ್ಕಿಂತ ಸರಿಯಾದ ಹೋಲಿಕೆ ಸಿಗಲ್ಲ ಬಿಡಿ.

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಮೊದಲ ಸಲ ಬೆಂಗಳೂರಿಗೆ ಬಂತು, ಅರಮನೆ ಮೈದಾನಕ್ಕೆ. ನಾವು ಅಷ್ಟರಲ್ಲಿ ದುಬೈ ಸೇರಿದ್ವಿ, ರಜೆ ಸಿಗಲಿಲ್ಲ. ಅದಕ್ಕೂ ಐದು ದಿನ ಮುಂಚೆ ಅದೇ ಬ್ಯಾಂಡು ಅಬುಧಾಬಿಯಲ್ಲಿ ನುಡಿಸಿತ್ತು. ಅವತ್ತು ಮಂಗಳವಾರ, ಒಬ್ಬನಿಗೆ ರಾತ್ರಿ ಪಾಳಿ. ಒಬ್ಬನೇ ಹೋಗೋದಿಲ್ಲ ಅಂತ ಇನ್ನೊಬ್ಬನೂ ಉಳಿದ. ಕೊನೆಗೆ 2013ರ ಏಪ್ರಿಲ್ 19ಕ್ಕೆ ಬ್ಯಾಂಡು ಮತ್ತೆ ಅಬುಧಾಬಿಯ ಯಾಸ್ ದ್ವೀಪಕ್ಕೆ ಬಂತು. ಶುಕ್ರವಾರ, ಆಗ ಇಲ್ಲಿ ವಾರದ ರಜೆ. ಇಬ್ಬರೂ ಒಂದೇ ಕಾರಲ್ಲಿ ಹೋದ್ವಿ.

ಹದಿನೈದು ವರ್ಷ ಕಾದ ಹಾಡು ಶುರುವಾದಾಗ ಒಬ್ಬನ ಕಣ್ಣಲ್ಲಿ ನೀರು. ಇನ್ನೊಬ್ಬನಿಗೆ ಏನೂ ಆಗಲಿಲ್ಲ. ಪಾರ್ಕಿಂಗ್‌ನಿಂದ ಗಾಡಿ ಹೊರಗೆ ತೆಗೆಯೋದು ಎಷ್ಟು ಹೊತ್ತಾಗುತ್ತೋ ಅಂತ ಯೋಚನೆ ಮಾಡ್ತಾ ನಿಂತಿದ್ದ. ವಾಪಸ್ ಬರುವಾಗ "ಹೆಂಗಿತ್ತಲೇ?" ಅಂದದ್ದಕ್ಕೆ "ಭಾರಿ ಇತ್ತಲೇ" ಅಂದ. ಸುಳ್ಳು. ನಿಜ ಹೇಳಿದ್ದು ಹೋದ ತಿಂಗಳು, ಇದೇ ರೂಮಲ್ಲಿ ಕೂತು.

ಎರಡನೇ ಘಟನೆ 2022ರದ್ದು. ಆ ವರ್ಷದ ಜುಲೈನಲ್ಲಿ 'ಸ್ಟ್ರೇಂಜರ್ ಥಿಂಗ್ಸ್' ಸೀರೀಸಿನ ನಾಲ್ಕನೇ ಸೀಸನ್ನಿನ ಕೊನೆಯಲ್ಲಿ ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ಬಂತು. 1986ರ ಹಾಡು ಮತ್ತೆ ಹುಡುಗರ ಫೋನಿಗೆ ಹತ್ತಿತು. ನಮ್ಮಲ್ಲೊಬ್ಬನ ಮಗ, ಆಗ ಹದಿನಾಲ್ಕು ವರ್ಷ, ಓಡಿ ಬಂದು "ಅಪ್ಪಾ, ಈ ಹಾಡು ಕೇಳಿದೀಯಾ?" ಅಂದ. ಅಪ್ಪ ಏನು ಹೇಳಬೇಕಿತ್ತು? ಹೇಳಿದ್ದು ಇದು: "ಕ್ಲಿಫ್ ಬರ್ಟನ್ ಯಾರು ಗೊತ್ತಾ? ಹೆಂಗೆ ಸತ್ತ ಗೊತ್ತಾ? ಅದು ಗೊತ್ತಿಲ್ಲದೆ ಎಂಥಾ ಮೆಟಾಲಿಕಾ ನಿಂದು?" ಹುಡುಗ ಸುಮ್ಮನೆ ರೂಮಿಗೆ ಹೋದ. ಅಲ್ಲಿಂದೀಚೆಗೆ ಮನೆಯಲ್ಲಿ ಅವನ ಹಾಡು ಹೆಡ್‌ಫೋನಿನಿಂದ ಹೊರಗೆ ಬಂದಿಲ್ಲ.

ಗಮನಿಸಿ. ಮಗನನ್ನು ಪರೀಕ್ಷೆ ಮಾಡಿದವನು ಕಾನ್ಸರ್ಟಲ್ಲಿ ಕಣ್ಣೀರು ಹಾಕಿದವನಲ್ಲ. ಪಾರ್ಕಿಂಗ್ ಯೋಚನೆ ಮಾಡ್ತಿದ್ದವನು! ತನಗೇ ರುಚಿಸದ ಬ್ಯಾಂಡನ್ನು ಮಗನಿಗೆ ಬಿಟ್ಟುಕೊಡೋಕೆ ಅವನಿಂದ ಆಗಲಿಲ್ಲ. ಇದು ಯಾಕೆ ಅಂತ ಹುಡುಕ್ತಾ ಹೋದಾಗ ನಮಗೆ ಸಿಕ್ಕ ಉತ್ತರವೇ ಇವತ್ತಿನ ಸಂಚಿಕೆ.

ಉತ್ತರ ಚಿಕ್ಕದಾಗಿ ಹೇಳೋದಾದ್ರೆ, 'ಇಷ್ಟ' ಅನ್ನೋದು ಒಂದೇ ದಾರ ಅಲ್ಲ, ಮೂರೆಳೆಯ ಹಗ್ಗ. ಸದ್ದಿನ ಸುಖ ಒಂದು ಎಳೆ, ನೆನಪು ಇನ್ನೊಂದು, 'ನಮ್ಮವರು' ಅನ್ನೋ ಭಾವ ಮೂರನೆಯದು. ಮೂರೂ ಒಂದೇ ವೇಗದಲ್ಲಿ ಸವೆಯಲ್ಲ. ಈ ವಿಂಗಡಣೆ ನಾವು ಅನುಕೂಲಕ್ಕೆ ಮಾಡಿಕೊಂಡದ್ದು. ಆದರೆ ಒಂದೊಂದು ಎಳೆಯ ಹಿಂದೆಯೂ ಒಳ್ಳೆ ಸಂಶೋಧನೆ ಇದೆ.

ಮೊದಲ ಎಳೆ: ಸದ್ದಿನ ಸುಖ

ಕೆನಡಾದ ಮಾಂಟ್ರಿಯಲ್‌ನಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯ ಇದೆ. ಅಲ್ಲಿನ ವ್ಯಾಲೋರಿ ಸಲಿಂಪೂರ್, ರಾಬರ್ಟ್ ಜಟೋರೆ ಮತ್ತು ಸಂಗಡಿಗರು 2011ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಹಾಡು ಕೇಳಿದರೆ ಮೈ ಜುಮ್ಮೆನ್ನುತ್ತೆ ಅನ್ನೋರನ್ನ ಆರಿಸಿಕೊಂಡು, ಅವರವರ ಮೆಚ್ಚಿನ ಸಂಗೀತವನ್ನೇ ಕೇಳಿಸಿ, ಮಿದುಳಿನ ಸ್ಕ್ಯಾನ್ ಮಾಡಿದರು. ಜುಮ್ಮೆನ್ನುವ ಕ್ಷಣದಲ್ಲಿ ಮಿದುಳಿನ ಆಳದಲ್ಲಿರುವ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಅನ್ನೋ ಜಾಗದಲ್ಲಿ ಡೋಪಮೈನ್ ಬಿಡುಗಡೆ ಆಗ್ತಿತ್ತು. ಡೋಪಮೈನ್ ಅಂದ್ರೆ ಮಿದುಳಿನ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸೋಕೆ ಬಳಸುವ ರಾಸಾಯನಿಕಗಳಲ್ಲಿ ಒಂದು. ಊಟ, ಪ್ರೀತಿ, ಜೂಜು ಎಲ್ಲದರಲ್ಲೂ ಅದರ ಕೈವಾಡ ಇದೆ. ಇಲ್ಲಿ ಸ್ವಾರಸ್ಯ ಏನಂದ್ರೆ, ಜುಮ್ಮೆನ್ನುವುದಕ್ಕಿಂತ ಕೆಲವು ಸೆಕೆಂಡು ಮುಂಚೆಯೇ ಕಾಡೇಟ್ ಅನ್ನೋ ಇನ್ನೊಂದು ಜಾಗದಲ್ಲೂ ಡೋಪಮೈನ್ ಏರ್ತಿತ್ತು. 'ಈಗ ಬರುತ್ತೆ, ಈಗ ಬರುತ್ತೆ' ಅಂತ ಕಾಯುವುದಕ್ಕೇ ಮಿದುಳು ಸುಖಪಡುತ್ತೆ ಅಂತಾಯ್ತು.

ಅಂದರೆ ಸಂಗೀತದ ಸುಖದಲ್ಲಿ ಊಹೆಯ ಆಟ ಇದೆ. ಮುಂದೇನು ಬರುತ್ತೆ ಅಂತ ಮಿದುಳು ಊಹಿಸುತ್ತೆ. ಊಹೆ ಸರಿಯಾದರೂ ಖುಷಿ, ಸ್ವಲ್ಪ ತಪ್ಪಿದರೂ ಖುಷಿ. ಆದರೆ ಸಾವಿರ ಸಲ ಕೇಳಿದ ಹಾಡಲ್ಲಿ ಊಹಿಸೋಕೆ ಉಳಿದಿರೋದು ಕಡಿಮೆ.

ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಝಯೋನ್ಸ್ 1968ರಲ್ಲಿ ತೋರಿಸಿದ ಪ್ರಕಾರ, ಒಂದು ವಸ್ತು ಮತ್ತೆ ಮತ್ತೆ ಎದುರಾದರೆ ಸಾಕು, ಅದರ ಮೇಲೆ ಒಲವು ಬೆಳೆಯುತ್ತೆ. ಅರ್ಥವಿಲ್ಲದ ಪದಗಳು, ಪರಿಚಯವಿಲ್ಲದ ಮುಖಗಳ ಫೋಟೊಗಳನ್ನಿಟ್ಟುಕೊಂಡು ಅವರು ಇದನ್ನು ಪರೀಕ್ಷಿಸಿದ್ದರು. ಆದರೆ ಇದಕ್ಕೊಂದು ಮಿತಿ ಇದೆ. ಡೇನಿಯಲ್ ಬರ್ಲೈನ್ ಅನ್ನೋರು 1971ರ ತಮ್ಮ ಪುಸ್ತಕದಲ್ಲಿ ಇದನ್ನು ಬೋರಲು ಹಾಕಿದ ಬಟ್ಟಲಿನ ಆಕಾರದ ಗೆರೆಯಾಗಿ ವಿವರಿಸಿದರು. ತೀರ ಹೊಸದು ಹಿಡಿಸಲ್ಲ, ಪರಿಚಯವಾದಂತೆ ಇಷ್ಟ ಏರುತ್ತೆ, ತುದಿ ಮುಟ್ಟುತ್ತೆ, ಆಮೇಲೆ ಇಳಿಯುತ್ತೆ. ಮದುವೆ ಮನೆಯ ಹೋಳಿಗೆ ನೆನಪಿಸಿಕೊಳ್ಳಿ. ಎರಡನೆಯದು ಮೊದಲನೆಯದಕ್ಕಿಂತ ಚೆನ್ನ, ಐದನೆಯದಕ್ಕೆ ಎಲೆ ಮೇಲೆ ಕೈ ಅಡ್ಡ ಇಡ್ತೇವೆ. ಸರಳವಾದ ಹಾಡು ಬೇಗ ತುದಿ ಮುಟ್ಟುತ್ತೆ. ಎಂಟೂವರೆ ನಿಮಿಷದ, ನಡುವೆ ಲಯ ಬದಲಿಸುವ ಮೆಟಲ್ ಹಾಡು ನಿಧಾನವಾಗಿ ಮುಟ್ಟುತ್ತೆ. ಆದರೆ ಅದೂ ಇಳಿಯುತ್ತೆ. ಬಿಡುವು ಕೊಟ್ಟರೆ ರುಚಿ ಸ್ವಲ್ಪ ಮಟ್ಟಿಗೆ ಮರಳುತ್ತೆ ಅನ್ನೋದೊಂದೇ ಸಮಾಧಾನ.

ಎಲ್ಲವೂ ನಮ್ಮ ತಲೆಯೊಳಗಿನದೇ ಅಂತ ಹೇಳ್ತಿಲ್ಲ. ಬ್ಯಾಂಡೂ ಬದಲಾಗಿದ್ದು ಹೌದು. 1991ರ ಕಪ್ಪು ರಟ್ಟಿನ ಆಲ್ಬಂನಲ್ಲಿ ಮೆಟಾಲಿಕಾ ವೇಗ ತಗ್ಗಿಸಿತು, ಹಾಡು ಚಿಕ್ಕದು ಮಾಡಿತು. 1996ರ 'ಲೋಡ್' ಹೊತ್ತಿಗೆ ನಾಲ್ವರೂ ಕೂದಲು ಕತ್ತರಿಸಿಕೊಂಡಿದ್ದರು. 2003ರ 'ಸೇಂಟ್ ಆ್ಯಂಗರ್' ಆಲ್ಬಂನಲ್ಲಿ ಗಿಟಾರ್ ಸೋಲೊ ಇಲ್ಲವೇ ಇಲ್ಲ, ಡ್ರಮ್ಸಿನ ಸದ್ದು ಖಾಲಿ ಡಬ್ಬ ಬಡಿದ ಹಾಗೆ ಅಂತ ಎಷ್ಟೋ ಜನ ಬೈದರು. 2008ರ 'ಡೆತ್ ಮ್ಯಾಗ್ನೆಟಿಕ್'ನಲ್ಲಿ ಸಣ್ಣ ಸದ್ದಿಗೂ ದೊಡ್ಡ ಸದ್ದಿಗೂ ಅಂತರವೇ ಉಳಿಯದಷ್ಟು ಒತ್ತಿಬಿಟ್ಟಿದ್ದಾರೆ ಅಂತ ಅಭಿಮಾನಿಗಳು ದೂರಿದರು. ಅದೇ ಹಾಡುಗಳು ಗಿಟಾರ್ ಹೀರೊ ಅನ್ನೋ ವಿಡಿಯೋ ಗೇಮ್‌ನಲ್ಲಿ ಅಷ್ಟು ಒತ್ತದೆ ಬಂದಿದ್ದರಿಂದ ವ್ಯತ್ಯಾಸ ಎಲ್ಲರಿಗೂ ಗೊತ್ತಾಯಿತು. ಹಾಗಾಗಿ 'ಮೊದಲಿನ ಹಾಗಿಲ್ಲ' ಅನ್ನೋ ಮಾತು ಎಲ್ಲ ಸಲವೂ ವಯಸ್ಸಾದವರ ಗೊಣಗಾಟ ಅಲ್ಲ.

ಕಿವಿಯೂ ಬದಲಾಗುತ್ತೆ. ವಯಸ್ಸಾದಂತೆ ಮೊದಲು ಕ್ಷೀಣಿಸೋದು ತಾರ ಸ್ವರಗಳನ್ನು ಕೇಳುವ ಶಕ್ತಿ. ಡ್ರಮ್ಸಿನ ಕಂಚಿನ ತಟ್ಟೆಗಳ ಮಿನುಗು ಅಲ್ಲಿಯೇ ಇರೋದು. ಅದರ ಮೇಲೆ ನಮ್ಮಲ್ಲೊಬ್ಬ ಇಲ್ಲಿ ಕಬ್ಬಿಣ ಕತ್ತರಿಸುವ ಶೆಡ್ಡಲ್ಲಿ ಹತ್ತು ವರ್ಷ ಮೇಲ್ವಿಚಾರಕ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಅನ್ನೋದು ಕೆಲಸದ ಜಾಗಗಳಿಗೆ ಹೇಳುವ ಒಂದು ಮಿತಿ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧ ಆಗುತ್ತೆ. ಲೆಕ್ಕ ಹಾಕಿ, 100 ಡೆಸಿಬೆಲ್‌ಗೆ ಬರುವಾಗ ಕಾಲು ಗಂಟೆ ಮಾತ್ರ. ಕಾನ್ಸರ್ಟಿಗೆ ಹೋಗೋರು ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ. ನಾವು ಹಾಕಿಕೊಳ್ಳಲಿಲ್ಲ.

ಎರಡನೇ ಎಳೆ: ನೆನಪು

ನಲವತ್ತು ದಾಟಿದವರಿಗೆ 'ನಿಮ್ಮ ಬದುಕಿನ ನೆನಪುಗಳನ್ನು ಹೇಳಿ' ಅಂದರೆ, ಹೆಚ್ಚು ನೆನಪು ಬರೋದು ಹತ್ತರಿಂದ ಮೂವತ್ತು ವರ್ಷದ ನಡುವಿನವು. ಗ್ರಾಫ್ ಬರೆದರೆ ಅಲ್ಲಿ ಒಂದು ದಿಬ್ಬ ಏಳುತ್ತೆ. ಮನೋವಿಜ್ಞಾನಿಗಳು ಇದನ್ನು ನೆನಪಿನ ಉಬ್ಬು ಅಂತ ಕರೀತಾರೆ. ಯಾಕೆ ಅನ್ನೋದಕ್ಕೆ ಹಲವು ವಿವರಣೆ ಇವೆ. ಮೊದಲ ಹಾಸ್ಟೆಲ್, ಮೊದಲ ಪ್ರೀತಿ, ಮೊದಲ ಸಂಬಳ ಎಲ್ಲ ಆಗೋದು ಆಗ. 'ನಾನು ಇಂಥವನು' ಅನ್ನೋದು ಗಟ್ಟಿಯಾಗೋದೂ ಆಗ.

ಹಾಡಿಗೂ ಇದು ಅನ್ವಯಿಸುತ್ತೆ. ಅಮೆರಿಕದ ಮಾರಿಸ್ ಹಾಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ 1989ರಲ್ಲಿ ಬೇರೆ ಬೇರೆ ವಯಸ್ಸಿನ 108 ಜನರಿಗೆ 1932ರಿಂದ 1986ರವರೆಗಿನ ಹಾಡುಗಳನ್ನು ಕೇಳಿಸಿದರು. ತಮಗೆ ಸುಮಾರು 24 ವರ್ಷ ಇದ್ದಾಗ ಜನಪ್ರಿಯವಾಗಿದ್ದ ಹಾಡುಗಳ ಕಡೆಗೆ ಒಲವು ಹೆಚ್ಚಿತ್ತು. ನಿಮ್ಮ ಮನೆಯಲ್ಲೇ ನೋಡಿ. 1987ರಲ್ಲಿ ಕಾಲೇಜಲ್ಲಿದ್ದವರಿಗೆ 'ಪ್ರೇಮಲೋಕ'. 2006ರ ಕೊನೆಯಲ್ಲಿ ಇದ್ದವರಿಗೆ 'ಮುಂಗಾರು ಮಳೆ'. ಇಬ್ಬರೂ ತಮ್ಮ ಕಾಲದ್ದೇ ಹಾಡು, ಆಮೇಲಿನದು ಬರೀ ಗದ್ದಲ ಅಂತಾರೆ. ಇಬ್ಬರೂ ಸುಳ್ಳು ಹೇಳ್ತಿಲ್ಲ.

ಈ ಎಳೆಯ ಗುಣ ಮೊದಲನೆಯದಕ್ಕಿಂತ ಬೇರೆ. ಸದ್ದಿನ ಸುಖ ಬಳಸಿದಷ್ಟೂ ಸವೆಯುತ್ತೆ, ನೆನಪು ಕಾಲ ಕಳೆದಷ್ಟೂ ಸಿಹಿಯಾಗುತ್ತೆ. ಅಬುಧಾಬಿಯಲ್ಲಿ ಕಣ್ಣೀರು ಹಾಕಿದ್ದವನು ಅವತ್ತು ಕೇಳ್ತಿದ್ದದ್ದು ವೇದಿಕೆಯ ಗಿಟಾರು ಮಾತ್ರ ಅಲ್ಲ. ದಾವಣಗೆರೆಯ ಹಾಸ್ಟೆಲ್ಲೂ ಅದರಲ್ಲಿತ್ತು. ಇನ್ನೊಬ್ಬ ಬರೀ ಗಿಟಾರು ಕೇಳ್ತಿದ್ದ, ಅದು ಅವನ ಪಾಲಿಗೆ ಐದನೇ ಹೋಳಿಗೆ.

ಮೆಟಾಲಿಕಾ 2023ರ ತನ್ನ ಆಲ್ಬಂಗೆ '72 ಸೀಸನ್ಸ್' ಅಂತ ಹೆಸರಿಟ್ಟಿತು. ವರ್ಷಕ್ಕೆ ನಾಲ್ಕು ಋತು ಅನ್ನೋದು ಅವರ ಲೆಕ್ಕ, ಹಾಗಾಗಿ 72 ಋತು ಅಂದರೆ ಬದುಕಿನ ಮೊದಲ 18 ವರ್ಷ. ಆ 18 ವರ್ಷವೇ ನಮ್ಮನ್ನು ರೂಪಿಸುತ್ತೆ ಅನ್ನೋದು ಆ ಹೆಸರಿನ ಹಿಂದಿನ ಯೋಚನೆ. ಅರವತ್ತರ ಹತ್ತಿರದ ಸಂಗೀತಗಾರರೂ ಅದೇ ದಿಬ್ಬದ ಕಡೆ ತಿರುಗಿ ನೋಡ್ತಿದ್ದರು.

ಮೂರನೇ ಎಳೆ: ನಮ್ಮವರು

ಮೆಟಲ್ ಬರೀ ಸಂಗೀತ ಅಲ್ಲ, ಒಂದು ಬಳಗ. ಕಪ್ಪು ಟೀ ಶರ್ಟು, ಉದ್ದ ಕೂದಲು. ಬಸ್ ಸ್ಟ್ಯಾಂಡಲ್ಲಿ ಅಪರಿಚಿತನ ಟೀ ಶರ್ಟ್ ಮೇಲೆ ಬ್ಯಾಂಡಿನ ಹೆಸರು ಕಂಡರೆ ಆಗುವ ಖುಷಿ. ಹೊರಗಿನವರಿಗೆ ಇದು ಸಿಟ್ಟಿನ ಸಂಗೀತ ಅನ್ನಿಸುತ್ತೆ. ಆದರೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾ ಶಾರ್ಮನ್ ಮತ್ತು ಜೆನೆವೀವ್ ಡಿಂಗಲ್ 2015ರಲ್ಲಿ 39 ಮೆಟಲ್ ಕೇಳುಗರಿಗೆ ಬೇಕಂತಲೇ ಸಿಟ್ಟು ಬರಿಸಿ ನೋಡಿದರು. ಆಮೇಲೆ ಕೆಲವರಿಗೆ ಅವರಿಷ್ಟದ ಸಂಗೀತ, ಕೆಲವರಿಗೆ ಮೌನ. ಸಂಗೀತ ಕೇಳಿದವರ ಸಿಟ್ಟು ಏರಲಿಲ್ಲ. ಮೌನದಲ್ಲಿ ಕೂತವರ ಹಾಗೆಯೇ ಅವರೂ ತಣ್ಣಗಾದರು, ಮೇಲಾಗಿ ಹುರುಪು ಬಂತು ಅಂದರು.

ಬಳಗ ಅಂದಮೇಲೆ ಬೇಲಿ ಬರುತ್ತೆ. ಹೆನ್ರಿ ತಾಜ್ಫೆಲ್ ಅನ್ನೋ ಮನೋವಿಜ್ಞಾನಿ 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14, 15 ವರ್ಷದ ಶಾಲಾ ಹುಡುಗರ ಮೇಲೆ ಪ್ರಯೋಗ ಮಾಡಿದರು. ಇಬ್ಬರು ಚಿತ್ರಕಾರರ ಚಿತ್ರ ತೋರಿಸಿ, ಯಾರದು ಇಷ್ಟ ಅನ್ನೋದರ ಮೇಲೆ ನಿಮ್ಮನ್ನು ಎರಡು ಗುಂಪು ಮಾಡಿದ್ದೇವೆ ಅಂದರು. ನಿಜಕ್ಕೂ ಗುಂಪು ಮಾಡಿದ್ದು ಮನಸ್ಸಿಗೆ ಬಂದ ಹಾಗೆ. ಆಮೇಲೆ ಹಣ ಹಂಚಲು ಹೇಳಿದಾಗ ಹುಡುಗರು ತಮ್ಮ ಗುಂಪಿನವರಿಗೆ ಹೆಚ್ಚು ಕೊಟ್ಟರು. ಮುಖ ನೋಡಿಲ್ಲ, ಪರಿಚಯ ಇಲ್ಲ, ತಮಗೆ ಒಂದು ಪೈಸೆ ಲಾಭ ಇಲ್ಲ. 'ನಮಗೆ ಇದು ಇಷ್ಟ, ಅವರಿಗೆ ಅದು ಇಷ್ಟ' ಅನ್ನೋ ಒಂದು ಗೆರೆ ಸಾಕಾಯಿತು.

ಮೆಟಾಲಿಕಾದ ಕಥೆಯಲ್ಲೂ ಈ ಗೆರೆ ಎದ್ದು ಕಾಣುತ್ತೆ. 1982ರಲ್ಲಿ ಆ ಬ್ಯಾಂಡಿನ ಹೆಸರು ಹರಡಿದ್ದೇ ಅಭಿಮಾನಿಗಳು ಕೈಯಿಂದ ಕೈಗೆ ಕಾಪಿ ಮಾಡಿ ಹಂಚಿದ ಕ್ಯಾಸೆಟ್‌ನಿಂದ. ಅದೇ ಬ್ಯಾಂಡು 2000ದ ಏಪ್ರಿಲ್‌ನಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಮೇಲೆ ಮೊಕದ್ದಮೆ ಹೂಡಿ, ಹಂಚಿಕೊಂಡ 3 ಲಕ್ಷಕ್ಕೂ ಹೆಚ್ಚು ಬಳಕೆದಾರರ ಪಟ್ಟಿ ಕೊಟ್ಟಿತು. ಸಂಗೀತಗಾರರಿಗೆ ತಮ್ಮ ದುಡಿಮೆಯ ಹಣ ಕೇಳುವ ಹಕ್ಕಿದೆ, ಅದು ಸರಿಯೇ. ಆದರೆ ಕಾಪಿ ಕ್ಯಾಸೆಟ್ಟಲ್ಲೇ ಬೆಳೆದ ನಮ್ಮಂಥವರಿಗೆ ಮನೆಯಿಂದ ಹೊರಗೆ ಹಾಕಿದ ಹಾಗಾಯಿತು. ಅವತ್ತು ಒಂದು ಹಾಡೂ ಬದಲಾಗಿರಲಿಲ್ಲ. ಬದಲಾಗಿದ್ದು ಮೂರನೇ ಎಳೆ ಮಾತ್ರ.

ಹಾಗಾದ್ರೆ ಆ ಅಪ್ಪನಿಗೆ ಆಗಿದ್ದೇನು?

ಈಗ ಮೂರು ಎಳೆ ಒಟ್ಟಿಗೆ ಹಿಡಿದು ನೋಡೋಣ. ಅವನಲ್ಲಿ ಸದ್ದಿನ ಸುಖ ಸವೆದಿತ್ತು. ನೆನಪಿನ ಕಡೆ ಅವನು ತಿರುಗಿ ನೋಡೇ ಇರಲಿಲ್ಲ. ಉಳಿದಿದ್ದದ್ದು ಬಳಗದ ಸದಸ್ಯತ್ವ ಮಾತ್ರ. ಸುಖ ಹೋದರೂ ಸದಸ್ಯತ್ವ ಹೋಗಲ್ಲ. ಊರು ಬಿಟ್ಟು ಇಪ್ಪತ್ತು ವರ್ಷ ಆದರೂ 'ನಮ್ಮೂರು' ಅಂತೀವಲ್ಲ, ಹಾಗೆ. ಒಳಗೆ ಖಾಲಿಯಾದಷ್ಟೂ ಬೇಲಿಯ ಕಾವಲು ಜೋರಾಯಿತೋ ಏನೋ. ಇದು ನಮ್ಮ ಊಹೆ, ಪ್ರಯೋಗ ಮಾಡಿ ಹೇಳ್ತಿಲ್ಲ. ಆದರೆ ಅವನಿಗೆ ಈ ಊಹೆ ಸರಿ ಅನ್ನಿಸಿತು. ಹೋದ ತಿಂಗಳು ಹೇಳಿದ್ದೂ ಅದನ್ನೇ: "ನಂಗೆ ಅದು ಬ್ಯಾಡಾಗಿತ್ತಲೇ. ಆದ್ರೆ ಅವನಿಗೆ ಅಷ್ಟು ಸುಲಭಕ್ಕೆ ಸಿಕ್ತಲ್ಲ ಅಂತ ಹೊಟ್ಟೆ ಉರೀತು."

ಇಲ್ಲಿ ಇನ್ನೊಂದು ಅಧ್ಯಯನ ಹೇಳಲೇಬೇಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್‌ಹಾನ್ಸಲ್ ಮತ್ತು ಜಸ್ಟಿನ್ ಝಪ್ನಿಕ್ 2013ರಲ್ಲಿ ಇಪ್ಪತ್ತರ ಆಸುಪಾಸಿನ 62 ವಿದ್ಯಾರ್ಥಿಗಳಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳನ್ನು ಕೇಳಿಸಿದರು. ತಮ್ಮ ಕಾಲದ ಹಾಡಿನ ಜೊತೆ ಇನ್ನೊಂದು ದಿಬ್ಬವೂ ಕಂಡಿತು. ಅದು 1980ರ ದಶಕದ ಆರಂಭದ ಹಾಡುಗಳದ್ದು, ಅಂದರೆ ಅವರ ಅಪ್ಪ ಅಮ್ಮ ಹರೆಯದಲ್ಲಿದ್ದ ಕಾಲದ್ದು. ಮಕ್ಕಳು ಹುಟ್ಟೋಕೆ ಮುಂಚಿನ ಹಾಡು ಮಕ್ಕಳಿಗೆ ತಮ್ಮದು ಅನ್ನಿಸಿತ್ತು. ಮನೆಯಲ್ಲಿ, ಕಾರಲ್ಲಿ ಕೇಳಿ ಕೇಳಿ ಬಂದದ್ದು ಇರಬೇಕು ಅನ್ನೋದು ಸಂಶೋಧಕರ ವಿವರಣೆ.

ಅಂದರೆ ಹಾಡಿನ ಮೇಲಿನ ಪ್ರೀತಿ ಅಪ್ಪನಿಂದ ಮಗನಿಗೆ ದಾಟಬಲ್ಲದು. ದಾಟೋದು ಒಟ್ಟಿಗೆ ಕೂತು ಕೇಳಿದಾಗ. ಪರೀಕ್ಷೆ ಇಟ್ಟಾಗ ಅಲ್ಲ.

ಇದನ್ನೆಲ್ಲ ಓದಿ ಮುಗಿಸಿದ ಮೇಲೆ, ಹೋದ ಶನಿವಾರ ಸಾಮಾನು ತರೋಕೆ ಹೊರಟಾಗ ಅವನು ಮಗನಿಗೆ ಕಾರಿನ ಬ್ಲೂಟೂತ್ ಕೊಟ್ಟ. "ನಿಂಗೆ ಬೇಕಾದ್ದು ಹಾಕಪ್ಪ" ಅಂದ. ಹುಡುಗನಿಗೆ ಈಗ ಹದಿನೇಳು. ಮೊದಲು ಯಾವುದೋ ಕೊರಿಯನ್ ಹಾಡು, ಆಮೇಲೆ ಒಂದು ರ‍್ಯಾಪ್, ಮೂರನೆಯದಾಗಿ, ಕೇಳದೆಯೇ, 'ಮಾಸ್ಟರ್ ಆಫ್ ಪಪೆಟ್ಸ್'. ಅಪ್ಪ ಒಂದು ಮಾತೂ ಆಡಲಿಲ್ಲ. ಹಾಡಿನ ನಡುವೆ ಅಬ್ಬರ ನಿಂತು ಗಿಟಾರು ಮೆಲ್ಲಗೆ ಹರಿಯುವ ಭಾಗ ಬರುತ್ತೆ. ಅಲ್ಲಿ ಹುಡುಗ "ಇದು ನಂಗೆ ಇಷ್ಟ" ಅಂದ. ಅಪ್ಪ "ಹೌದಾ" ಅಂದ, ಅಷ್ಟೇ. ಮೈ ಜುಮ್ಮೆನ್ನಲಿಲ್ಲವಂತೆ. ಆದರೆ ಪಾರ್ಕಿಂಗ್ ಬಂದರೂ ಹಾಡು ಮುಗಿಯೋವರೆಗೆ ಇಬ್ಬರೂ ಇಳಿಯಲಿಲ್ಲವಂತೆ.

ನೀವೂ ಒಂದು ಕೆಲಸ ಮಾಡಿ ನೋಡಿ. ಹಿಂದೆ ಹುಚ್ಚು ಹಿಡಿಸಿದ್ದ, ಈಗ ಬೇಡವಾದ ಒಂದು ಹಾಡು ಹಾಕಿ. ಸದ್ದು ಹಳಸಿದೆಯಾ, ನೆನಪು ನೋಯಿಸ್ತಿದೆಯಾ, ಬಳಗ ಬಿಟ್ಟುಹೋಗಿದೆಯಾ ಅಂತ ಕೇಳಿಕೊಳ್ಳಿ. ಸದ್ದು ಹಳಸಿದ್ದರೆ ಆರು ತಿಂಗಳು ಬಿಡುವು ಕೊಡಿ. ಉಳಿದೆರಡಕ್ಕೆ ಬಿಡುವು ಸಾಲದು, ಇನ್ನೊಬ್ಬರು ಬೇಕು. ಹಳೆಯ ಗೆಳೆಯನಿಗೆ ಒಂದು ಫೋನ್ ಮಾಡಿ. ನಿಮ್ಮ ಹಾಡು ಯಾವುದು, ಏನಾಯಿತು ಅಂತ ನಮಗೂ ವಾಯ್ಸ್ ಮೆಸೇಜ್ ಕಳಿಸಿ.

ಅಂದಹಾಗೆ, ಈ ಸಂಚಿಕೆಯಿಂದ ನಮ್ಮಿಬ್ಬರ ಗೆಳೆತನಕ್ಕೆ ಏನೂ ಆಗಿಲ್ಲ. ಆದರೆ 2013ರ ಆ ಸುಳ್ಳಿಗೆ ದಂಡ ಅಂತ ಮುಂದಿನ ಸಲ ಯಾವ ಕಾನ್ಸರ್ಟ್ ಬಂದರೂ ಎರಡೂ ಟಿಕೆಟ್ ಅವನೇ ತೆಗೀಬೇಕು ಅಂತ ತೀರ್ಮಾನ ಆಗಿದೆ. ಈಗ ಎಸಿ ಹಾಕ್ತೀವಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.